ಬಿದ್ದ ಜಾಗವನ್ನು ನೋಡದೆ: ಬೌದ್ಧ ಕಥನ ಹಾಗೂ ಸಂಘನಿಯಮಗಳಲ್ಲಿ ಲೋಭ ಮತ್ತು ಬಿಡುಗಡೆ

ಕನ್ನಡದ ಜನಮನದಲ್ಲಿ ಬುದ್ಧನ ಉಪದೇಶವೆಲ್ಲವೂ ಒಂದೇ ಮಾತಾಗಿ ನೆಲೆಗೊಂಡಿದೆ: ಆಸೆಯೇ ದುಃಖಕ್ಕೆ ಮೂಲ. ಶಾಲೆಯ ಗೋಡೆ, ದಿನದರ್ಶಿಕೆಯ ಹಾಳೆ, ಸಭೆಯ ಭಾಷಣ ಎಲ್ಲೆಡೆಯೂ ಈ ಮಾತು ದೊರೆಯುತ್ತದೆ. ಮಾತು ತಪ್ಪೇನೂ ಅಲ್ಲ, ಆದರೆ ಸಡಿಲವಾದುದು. ಕನ್ನಡದ ‘ಆಸೆ’ ಎಂಬ ಪದದೊಳಗೆ ಹಸಿದ ಮಗು ಹಾಲು ಬೇಡುವ ಬಯಕೆಯೂ ಸೇರುತ್ತದೆ, ಪಕ್ಕದವನ ಹೊಲದ ಬದುವನ್ನು ಇರುಳಲ್ಲಿ ಸರಿಸುವವನ ಬುದ್ಧಿಯೂ ಸೇರುತ್ತದೆ. ಪಾಲಿ ಗ್ರಂಥಗಳು ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುವುದಿಲ್ಲ. ದುಃಖದ ಮೂಲವೆಂದು ಅವು ಹೇಳುವುದು ‘ತಣ್ಹಾ’ವನ್ನು, ಎಂದರೆ ನೀರಡಿಕೆಯನ್ನು. ಅದು ಬಲಿತು ವಸ್ತುವನ್ನು ಹಿಡಿದುಕೊಂಡಾಗ ‘ಉಪಾದಾನ’ವಾಗುತ್ತದೆ. ಈ ಪದಕ್ಕೆ ಉರುವಲು ಎಂಬ ಅರ್ಥವೂ ಉಂಟು. ಉರುವಲು ತೀರಿದ ಬೆಂಕಿ ಆರುವುದೇ ನಿರ್ವಾಣವೆಂಬ ರೂಪಕ ಇಲ್ಲಿಂದ ಹೊರಡುತ್ತದೆ. ಕೇಡಿನ ಮೂರು ಬೇರುಗಳಲ್ಲಿ ಮೊದಲನೆಯದು ಲೋಭ. ತನ್ನ ಪಾಲಿನದನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳಲಾರದ ಜಿಪುಣತನಕ್ಕೆ ‘ಮಚ್ಛರಿಯ’ ಎಂಬ ಬೇರೆಯೇ ಹೆಸರಿದ್ದು, ಅದರಲ್ಲಿ ಐದು ಬಗೆಗಳನ್ನು ಎಣಿಸಲಾಗಿದೆ: ವಾಸಸ್ಥಳದ ವಿಷಯದಲ್ಲಿ, ಭಿಕ್ಷೆ ನೀಡುವ ಮನೆತನಗಳ ವಿಷಯದಲ್ಲಿ, ಬಂದ ಲಾಭದ ವಿಷಯದಲ್ಲಿ, ಹೊಗಳಿಕೆಯ ವಿಷಯದಲ್ಲಿ, ಕೊನೆಗೆ ತಾನು ಅರಿತ ಧರ್ಮದ ವಿಷಯದಲ್ಲಿ. ಈ ಐದನೆಯ ಜಿಪುಣತನ ನಮ್ಮ ವಿದ್ವತ್ ವಲಯಕ್ಕೆ ಪೂರ್ತಿ ಅಪರಿಚಿತವೆಂದು ಹೇಳಲಾಗದು.

ಈ ಪರಿಭಾಷೆಯ ತಾತ್ವಿಕ ವಿವೇಚನೆ ಸಾಕಷ್ಟು ನಡೆದಿದೆ. ಜಾನಪದ ಅಧ್ಯಯನ ಕೇಳಬೇಕಾದ ಪ್ರಶ್ನೆ ಬೇರೆಯದು. ತತ್ತ್ವದ ಪರಿಭಾಷೆಯನ್ನು ಅರಿಯದ ಒಕ್ಕಲಿಗ, ಕುಂಬಾರ, ವರ್ತಕರ ಮುಂದೆ ಈ ಪರಂಪರೆ ಲೋಭವನ್ನು ಯಾವ ವಸ್ತುವಿನ ಮೂಲಕ ತೋರಿಸಿತು? ಬಿಡುವ ಕ್ರಿಯೆಯನ್ನು ಹೇಗೆ ಕತೆಯಾಗಿಸಿತು? ಕತೆಯಲ್ಲಿ ಹೇಳಿದ್ದನ್ನು ಸಂಘವು ತನ್ನ ದಿನನಿತ್ಯದ ನಿಯಮದಲ್ಲಿ ಹೇಗೆ ನಡೆಸಿತು, ಎಲ್ಲಿ ನಡೆಸಲಾರದೆ ಹೋಯಿತು?

ಜಾತಕ ಸಂಗ್ರಹದ 547 ಕತೆಗಳಲ್ಲಿ ಚಿನ್ನದ ರಾಶಿಯ ಕತೆಗಳು ಧಾರಾಳವಾಗಿವೆ. ಚಿನ್ನದ ಗರಿಗಳ ಹಂಸವನ್ನು ಒಮ್ಮೆಗೇ ತರಿದು ಬೋಳಾಗಿಸಿದ ಹೆಂಗಸಿನ ಕತೆ ಎಲ್ಲರಿಗೂ ತಿಳಿದುದೇ. ವೇದಬ್ಭ ಜಾತಕದಲ್ಲಿ ಆಕಾಶದಿಂದ ಸುರಿದ ಸಂಪತ್ತಿಗಾಗಿ ಕಳ್ಳರ ಗುಂಪುಗಳು ಪರಸ್ಪರ ಕೊಂದುಕೊಂಡು ಕಡೆಗೆ ಇಬ್ಬರೇ ಉಳಿಯುತ್ತಾರೆ. ಒಬ್ಬ ಅನ್ನಕ್ಕೆ ವಿಷವಿಕ್ಕುತ್ತಾನೆ, ಇನ್ನೊಬ್ಬ ಕತ್ತಿ ಹಿರಿದು ಕಾದಿರುತ್ತಾನೆ, ಇಬ್ಬರೂ ಸಾಯುತ್ತಾರೆ. ಈ ಆಶಯ 14ನೆಯ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನ ಕಥನಕಾವ್ಯದಲ್ಲೂ ಕಾಣಿಸಿಕೊಳ್ಳುವಷ್ಟು ದೂರ ಸಂಚರಿಸಿದೆ. ಇಂಥ ಕತೆಗಳ ಜನಪ್ರಿಯತೆಗೆ ಒಂದು ಕಾರಣವಿದೆ: ಅವುಗಳಲ್ಲಿ ಲೋಭಿ ಯಾವಾಗಲೂ ಬೇರೊಬ್ಬ. ಕೇಳುವವನು ನಿಶ್ಚಿಂತನಾಗಿ ತಲೆದೂಗಬಹುದು. ಆದರೆ ಅದೇ ಸಂಗ್ರಹದಲ್ಲಿ ಕೇಳುಗನಿಗೆ ಆ ನಿಶ್ಚಿಂತೆಯನ್ನು ಕೊಡದ ಕತೆಗಳೂ ಇವೆ. ಅವುಗಳಲ್ಲಿ 70ನೆಯದಾದ ಕುದ್ದಾಲ ಜಾತಕ ಬಹಳ ಮುಖ್ಯವಾದುದು.

ಬ್ರಹ್ಮದತ್ತನು ವಾರಾಣಸಿಯನ್ನು ಆಳುತ್ತಿದ್ದಾಗ ಬೋಧಿಸತ್ವನು ತರಕಾರಿ ಬೆಳೆಯುವ ಬಡವನ ಮನೆಯಲ್ಲಿ ಹುಟ್ಟಿದ್ದ. ಅವನ ಹೆಸರೇ ಕುದ್ದಾಲ ಪಂಡಿತ. ಕುದ್ದಾಲವೆಂದರೆ ಗುದ್ದಲಿ, ಕನ್ನಡ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಗುದ್ದಲಿಯಿಂದ ನೆಲ ಹಸನು ಮಾಡಿ ಸೊಪ್ಪು, ಕುಂಬಳ, ಸೋರೆ, ಸೌತೆ ಬೆಳೆದು ಮಾರಿ ಹೇಗೋ ಹೊಟ್ಟೆ ಹೊರೆಯುತ್ತಿದ್ದ. ಆ ಒಂದು ಗುದ್ದಲಿಯನ್ನು ಬಿಟ್ಟರೆ ಲೋಕದಲ್ಲಿ ಅವನದೆಂಬುದು ಬೇರೇನೂ ಇರಲಿಲ್ಲ. ಒಂದು ದಿನ ಮನೆಯನ್ನು ತೊರೆದು ತಾಪಸನಾಗಬೇಕೆಂದು ನಿಶ್ಚಯಿಸಿ, ಗುದ್ದಲಿಯನ್ನು ಒಂದೆಡೆ ಬಚ್ಚಿಟ್ಟು ಹೊರಟ. ಕೆಲಕಾಲದ ನಂತರ ಗುದ್ದಲಿಯ ನೆನಪಾಯಿತು, ಮರಳಿ ಬಂದ. ಮತ್ತೆ ತೊರೆದ, ಮತ್ತೆ ಮರಳಿದ. ಹೀಗೆ ಆರು ಬಾರಿ. ಧಮ್ಮಪದದ ಅಟ್ಟಕಥೆಯಲ್ಲಿ ಬರುವ ಪಾಠ ಇನ್ನೂ ಸೂಕ್ಷ್ಮವಾಗಿದೆ. ಅಲ್ಲಿ ಅವನ ಆಸ್ತಿ ಮೊಂಡು ಗುದ್ದಲಿಯೊಂದು, ಅರ್ಧ ಸೇರಿನಷ್ಟು ಬಿತ್ತನೆಯ ಕಾಳು. ಬೇಸಗೆಯುದ್ದಕ್ಕೂ ಅವನ ವೈರಾಗ್ಯ ಭದ್ರವಾಗಿರುತ್ತದೆ. ಮಳೆ ಬಿದ್ದು ನೆಲ ನೆನೆದಾಗ ಮಾತ್ರ, ಬೀಜ ಹಾಳಾಗಬಾರದಲ್ಲ ಎಂಬ ಯೋಚನೆ ಹುಟ್ಟುತ್ತದೆ.

ಏಳನೆಯ ಬಾರಿ ಅವನಿಗೆ ತನ್ನ ಕಷ್ಟದ ಕಾರಣ ಹೊಳೆಯಿತು. ಬಚ್ಚಿಟ್ಟ ಗುದ್ದಲಿ ಇನ್ನೂ ತನ್ನದೇ. ಅದನ್ನು ನದಿಗೆ ಎಸೆಯಬೇಕು. ಎಸೆದರೂ, ಬಿದ್ದ ಜಾಗವನ್ನು ಕಂಡರೆ ಮುಳುಗಿ ತೆಗೆಯುವ ಮನಸ್ಸಾದೀತು. ಆದ್ದರಿಂದ ಕಾವನ್ನು ಬಿಗಿಹಿಡಿದು, ತಲೆಯ ಸುತ್ತ ಮೂರು ಸಲ ಬೀಸಿ, ಎರಡೂ ಕಣ್ಣುಗಳನ್ನು ಮುಚ್ಚಿಕೊಂಡು ನದಿಯ ನಡುವಿಗೆ ಎಸೆದುಬಿಟ್ಟ. ಆಮೇಲೆ ‘ಗೆದ್ದೆ’ ಎಂದು ಮೂರು ಸಲ ಕೂಗಿದ. ಗಡಿನಾಡಿನ ದಂಗೆಯನ್ನು ಅಡಗಿಸಿ ಬಂದ ರಾಜ ಆಗತಾನೇ ಅದೇ ನದಿಯಲ್ಲಿ ಮಿಂದು ಆನೆಯೇರಿ ಹೊರಟಿದ್ದ. ಗೆದ್ದು ಬಂದವನು ತಾನಾಗಿರುವಾಗ ಇನ್ಯಾರು ಗೆದ್ದವನೆಂದು ಕರೆಸಿ ಕೇಳಿದ. ಸಾವಿರ ಯುದ್ಧಗಳನ್ನು ಗೆದ್ದರೂ ಒಳಗಿನ ಲೋಭವನ್ನು ಗೆಲ್ಲದವನ ಗೆಲುವು ನಿಲ್ಲತಕ್ಕದ್ದಲ್ಲವೆಂದು ತರಕಾರಿಯವನು ರಾಜನಿಗೆ ತಿಳಿಯಹೇಳಿದ. ರಾಜನೂ ಅವನ ಹಿಂದೆ ನಡೆದ. ಸೈನ್ಯವೂ ಪಟ್ಟಣಿಗರೂ ರಾಜನ ಹಿಂದೆ ನಡೆದರು ಎಂದು ಕತೆ ಮುಗಿಯುತ್ತದೆ.

ಜಾತಕದ ಕತೆಗಳಿಗೆ ‘ವರ್ತಮಾನದ ಕತೆ’ ಎಂಬ ಚೌಕಟ್ಟಿರುತ್ತದೆ. ಇಲ್ಲಿನ ಚೌಕಟ್ಟು ಶ್ರಾವಸ್ತಿಯ ಚಿತ್ತಹತ್ಥನೆಂಬ ಯುವಕನದು. ಉಳುಮೆ ಮುಗಿಸಿ ಬರುವಾಗ ವಿಹಾರದಲ್ಲಿ ರುಚಿಕರವಾದ ಊಟ ಸಿಕ್ಕಿದ್ದೇ ಅವನು ಭಿಕ್ಷುವಾಗಲು ಕಾರಣ. ಹಗಲಿರುಳು ದುಡಿದರೂ ಇಂಥ ಊಟ ಕಾಣೆನೆಂಬುದು ಅವನ ಲೆಕ್ಕಾಚಾರ. ಅವನೂ ಆರು ಸಲ ಸಂಘವನ್ನು ಸೇರಿ ಆರು ಸಲ ಬಿಟ್ಟ. ಏಳನೆಯ ಸಲ ಅರಹಂತನಾದ. ಜೊತೆಯ ಭಿಕ್ಷುಗಳು ಹಾಸ್ಯ ಮಾಡಿ, ಈ ಸಲ ಊರಿಗೆ ಹೊರಡುವುದು ತಡವಾಯಿತೇಕೆ ಎಂದು ಕೇಳುತ್ತಾರೆ. ಆಗ ಬುದ್ಧನು ಹೇಳುವ ಹಿಂದಿನ ಜನ್ಮದ ಕತೆಯಲ್ಲಿ ಗುದ್ದಲಿಗಾಗಿ ಆರು ಸಲ ಹಿಂತಿರುಗಿದವನು ಚಿತ್ತಹತ್ಥನಲ್ಲ, ಸ್ವತಃ ಬೋಧಿಸತ್ವ. ಗುರುವಿನ ಸೋಲನ್ನು ಶಿಷ್ಯನ ಸಮರ್ಥನೆಗೆ ಬಳಸಿಕೊಳ್ಳುವ ಇಂಥ ಧೈರ್ಯ ಧಾರ್ಮಿಕ ಕಥನಗಳಲ್ಲಿ ವಿರಳ.

ಈ ಕತೆಗೆ ಎತ್ತಬಹುದಾದ ಗಂಭೀರ ಆಕ್ಷೇಪವೊಂದಿದೆ. ಗುದ್ದಲಿ ಬಡವನ ಅನ್ನದ ಸಾಧನ, ಭೋಗದ ವಸ್ತುವಲ್ಲ. ಆಯುಧಪೂಜೆಯಂದು ಗುದ್ದಲಿ, ಕುಡುಗೋಲು, ನೇಗಿಲುಗಳಿಗೆ ಅರಿಶಿನ ಕುಂಕುಮವಿಡುವ ನಾಡಿನಲ್ಲಿ, ದುಡಿಯುವವನಿಗೆ ಅವನ ಒಂದೇ ಒಂದು ಸಾಧನವನ್ನು ಹೊಳೆಗೆ ಎಸೆಯೆಂದು ಹೇಳುವುದು ಕ್ರೌರ್ಯವಾಗಿ ಕಾಣುತ್ತದೆ. ತ್ಯಾಗದ ಬೋಧನೆ ಇಲ್ಲದವರ ಕಡೆಗೇ ಹೆಚ್ಚಾಗಿ ತಿರುಗುವುದೂ, ಉಳ್ಳವರು ಅದನ್ನು ಕೇಳಿ ಮೆಚ್ಚುವುದೂ ಚರಿತ್ರೆಯಲ್ಲಿ ಹೊಸತಲ್ಲ. ಆದರೆ ಕತೆಯ ವಿನ್ಯಾಸವನ್ನು ಗಮನಿಸಿದರೆ ಅದು ಈ ಆಕ್ಷೇಪವನ್ನು ಮುಂಗಂಡಿರುವಂತಿದೆ. ಇಲ್ಲಿ ತರಕಾರಿಯವನಿಗೆ ಯಾರೂ ಬೋಧಿಸುವುದಿಲ್ಲ. ಅವನೇ ಗುರು, ರಾಜ ಶಿಷ್ಯ. ಗುದ್ದಲಿಯನ್ನು ಬಿಟ್ಟವನ ಎದುರು ರಾಜ್ಯವನ್ನು ಬಿಡದೆ ನಿಲ್ಲುವುದು ರಾಜನಿಗೆ ಸಾಧ್ಯವಾಗುವುದಿಲ್ಲ. ಗುದ್ದಲಿಯನ್ನೂ ರಾಜ್ಯವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಈ ಕತೆ, ಲೋಭದ ಅಳತೆಗೋಲನ್ನು ವಸ್ತುವಿನ ಬೆಲೆಯಿಂದ ಬಿಡಿಸಿ, ಮನಸ್ಸು ಎಷ್ಟು ಸಲ ಅದರ ಬಳಿಗೆ ಮರಳುತ್ತದೆಂಬ ಎಣಿಕೆಗೆ ವರ್ಗಾಯಿಸುತ್ತದೆ. ಆ ಮರಳಿಕೆಯೂ ಹುಚ್ಚು ಹಂಬಲದಿಂದ ಆದುದಲ್ಲ. ಮುಂಗಾರು ಬಿದ್ದಾಗ ಬೀಜದ ನೆನಪಾಗುವುದು ಒಕ್ಕಲುತನದ ವಿವೇಕ. ಮೋಹವು ವಿವೇಕದ ವೇಷದಲ್ಲಿಯೇ ಬರುತ್ತದೆಂಬುದನ್ನು ಬೇಸಾಯಗಾರರ ನಡುವೆ ಹುಟ್ಟಿದ ಕತೆಗಾರನಲ್ಲದೆ ಬೇರಾರೂ ಹೀಗೆ ಹೇಳಲಾರರು.

ಧಮ್ಮಪದದ ಅಟ್ಟಕಥೆಯಲ್ಲಿ ಬರುವ ತಿಸ್ಸ ಥೇರನ ಕತೆಯನ್ನು ಇದರ ಜೊತೆಗಿಟ್ಟು ಓದಬೇಕು. ಮಳೆಗಾಲದ ವಾಸ ಮುಗಿದಾಗ ತಿಸ್ಸನಿಗೆ ಒರಟಾದ ಬಟ್ಟೆಯೊಂದು ದಾನವಾಗಿ ಬಂತು. ಅವನು ಅದನ್ನು ಅಕ್ಕನ ಕೈಗೆ ಕೊಟ್ಟ. ಆಕೆ ಅದನ್ನು ಬಿಡಿಸಿ, ಹಿಂಜಿ, ನಯವಾಗಿ ನೂತು ನೇಯಿಸಿ ತಮ್ಮನಿಗೆ ಮರಳಿಸಿದಳು. ತನ್ನದು ಒರಟು ಬಟ್ಟೆ, ಇದು ತನ್ನದಲ್ಲವೆಂದು ಅವನು ಮೊದಲು ಒಪ್ಪಲೇ ಇಲ್ಲ. ಆಕೆ ವಿವರಿಸಿದ ಮೇಲೆ ಚೀವರ ಹೊಲಿಸಿ, ನಾಳೆ ಹೊದೆಯೋಣವೆಂದು ಗಳುವಿನ ಮೇಲೆ ಹಾಕಿದ. ಆ ರಾತ್ರಿಯೇ ಅಜೀರ್ಣದಿಂದ ಸತ್ತು, ಅದೇ ಚೀವರದಲ್ಲಿ ಹೇನಾಗಿ ಹುಟ್ಟಿದ. ಸತ್ತವನ ಚೀವರವನ್ನು ಹಂಚಿಕೊಳ್ಳಲು ಭಿಕ್ಷುಗಳು ಕೈಹಾಕಿದಾಗ, ನನ್ನ ಸೊತ್ತನ್ನು ಸೂರೆ ಮಾಡುತ್ತಿದ್ದಾರೆಂದು ಹೇನು ಬಟ್ಟೆಯ ತುಂಬ ಓಡಾಡಿ ಅರಚಿತು. ಬುದ್ಧನು ಆನಂದನನ್ನು ಕಳುಹಿಸಿ ಏಳು ದಿನ ಆ ಚೀವರವನ್ನು ಮುಟ್ಟದಂತೆ ತಡೆದ. ಏಳನೆಯ ದಿನ ಹೇನು ಸತ್ತು ತುಷಿತ ಸ್ವರ್ಗವನ್ನು ಸೇರಿತು; ಎಂಟನೆಯ ದಿನ ಬಟ್ಟೆ ಹಂಚಿಕೆಯಾಯಿತು.

ಒಂದು ರಾತ್ರಿಯ ‘ನಾಳೆ ಹೊದೆಯೋಣ’ ಎಂಬ ಯೋಚನೆಗೆ ಇಷ್ಟು ಶಿಕ್ಷೆಯೇ ಎಂದು ಕೇಳುವಂತಿದೆ. ಆದರೆ ಕತೆಯ ಕೇಂದ್ರ ಆ ಏಳು ದಿನಗಳ ಕಾಯುವಿಕೆಯಲ್ಲಿದೆ. ಹಿಡಿದುಕೊಂಡಿರುವವನ ಕೈಯಿಂದ ಕಿತ್ತುಕೊಂಡರೆ ದ್ವೇಷ ಹುಟ್ಟುತ್ತದೆ, ಅವನು ಇನ್ನೂ ಕೆಳಗೆ ಬೀಳುತ್ತಾನೆ. ಹಿಡಿತ ತಾನಾಗಿ ಸಡಿಲಗೊಳ್ಳುವವರೆಗೆ ಕಾಯಬೇಕು. ಹೇನಿನ ವಿಷಯದಲ್ಲೂ ಪಾಲಿಸಬೇಕಾದ ಸೌಜನ್ಯವಿದು.

ಸತ್ತ ಲೋಭಿ ಪ್ರಾಣಿಯಾಗಿ ತನ್ನ ಸೊತ್ತಿನ ಬಳಿಯೇ ಹುಟ್ಟುವನೆಂಬ ಆಶಯ ಕರ್ನಾಟಕದ ಜನಪದಕ್ಕೆ ಹೊಸದಲ್ಲ. ನಿಧಿ ಕಾಯುವ ಹಾವಿನ ಐತಿಹ್ಯವಿಲ್ಲದ ಹಳೆಯ ಕೋಟೆ, ಪಾಳು ಗುಡಿ ಈ ನಾಡಿನಲ್ಲಿ ಕಡಿಮೆ. ಸಚ್ಚಂಕಿರ ಜಾತಕದಲ್ಲಿ ನದಿಯ ದಡದಲ್ಲಿ ನಲವತ್ತು ಕೋಟಿ ಹೂತಿಟ್ಟು ಸತ್ತವನು ಹಾವಾಗಿಯೂ, ಮೂವತ್ತು ಕೋಟಿ ಹೂತಿಟ್ಟವನು ಇಲಿಯಾಗಿಯೂ ಅಲ್ಲಿಯೇ ಬಿಲ ಮಾಡಿಕೊಂಡಿರುತ್ತಾರೆ. ಎರಡು ಪರಂಪರೆಗಳಲ್ಲಿ ಮುಖ್ಯವಾದ ವ್ಯತ್ಯಾಸವೊಂದಿದೆ. ನಮ್ಮ ನಿಧಿಯ ಐತಿಹ್ಯಗಳಲ್ಲಿ ಹಾವು ಸಾಮಾನ್ಯವಾಗಿ ಕಾವಲಿನ ಭಯಂಕರ ಶಕ್ತಿ, ಬಲಿ ಕೇಳುವ ಶಕ್ತಿ. ಜಾತಕದ ಹಾವಾದರೋ ಪ್ರವಾಹದಲ್ಲಿ ತೇಲಿಬಂದ ತನ್ನನ್ನು ಉಳಿಸಿದ ತಾಪಸನಿಗೆ ಆ ನಲವತ್ತು ಕೋಟಿಯನ್ನು ಕೊಡಲು ಮುಂದೆ ಬರುತ್ತದೆ. ಮೊದಲ ಬಗೆಯ ಐತಿಹ್ಯ ಇಂದಿಗೂ ಕೇವಲ ಕತೆಯಾಗಿ ಉಳಿದಿಲ್ಲ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಯಾಸೆಯಿಂದ ಕೆಡವಿದ ಘಟನೆ ನಡೆಯಿತು. ಎಲ್ಲವನ್ನೂ ಬಿಟ್ಟ ಸನ್ಯಾಸಿಯ ಸಮಾಧಿಯ ಕೆಳಗೆ ಚಿನ್ನವಿದ್ದೀತೆಂದು ಅಗೆದವರ ಕೈಯಲ್ಲಿದ್ದುದೂ ಇಂಥವೇ ಅಗೆಯುವ ಸಲಕರಣೆಗಳು.

ಕತೆ ಹೇಳಿದ್ದನ್ನು ಸಂಘವು ನಿಯಮವಾಗಿ ಹೇಗೆ ನಡೆಸಿತೆಂಬುದಕ್ಕೆ ವಿನಯಪಿಟಕವೇ ಆಧಾರ. ಅದರಲ್ಲಿ ‘ನಿಸ್ಸಗ್ಗಿಯ’ ಎಂಬ ವರ್ಗದ ಮೂವತ್ತು ನಿಯಮಗಳಿವೆ. ತಪ್ಪಾಗಿ ಪಡೆದ ವಸ್ತುವನ್ನು ಬಿಟ್ಟುಕೊಟ್ಟ ನಂತರವೇ ತಪ್ಪೊಪ್ಪಿಗೆ ಸಲ್ಲುವ ಅಪರಾಧಗಳಿವು. ಮೊದಲ ನಿಯಮದ ಪ್ರಕಾರ ಹೆಚ್ಚುವರಿ ಚೀವರವನ್ನು ಹತ್ತು ದಿನಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳಕೂಡದು. ಈ ಹತ್ತು ದಿನಗಳ ಲೆಕ್ಕ ಬಂದ ಬಗೆ ಸ್ವಾರಸ್ಯಕರವಾಗಿದೆ. ಆನಂದನಿಗೆ ಹೆಚ್ಚುವರಿ ಚೀವರವೊಂದು ದೊರೆತಾಗ ಅದನ್ನು ಸಾಕೇತದಲ್ಲಿದ್ದ ಸಾರಿಪುತ್ರನಿಗೆ ಕೊಡಬೇಕೆಂಬ ಮನಸ್ಸಿತ್ತು. ಸಾರಿಪುತ್ರನು ಬರುವುದು ಯಾವಾಗ ಎಂದು ಬುದ್ಧನು ಕೇಳಿದ. ಒಂಬತ್ತನೆಯ ಇಲ್ಲವೇ ಹತ್ತನೆಯ ದಿನಕ್ಕೆ ಎಂದು ಆನಂದ ಹೇಳಿದ. ಅಲ್ಲಿಗೆ ಮಿತಿ ಹತ್ತು ದಿನವಾಯಿತು. ನಿಯಮದ ಅಂಕಿ ಸ್ನೇಹದ ಅಳತೆಯಿಂದ ಹುಟ್ಟಿದೆ.

ಭಿಕ್ಷಾಪಾತ್ರೆಯ ನಿಯಮದ ಹಿಂದಿನ ಪ್ರಸಂಗ ಇದಕ್ಕೆ ವಿರುದ್ಧವಾದುದು. ಶಾಕ್ಯರ ನಾಡಿನ ಕುಂಬಾರನೊಬ್ಬ, ಪಾತ್ರೆ ಬೇಕಾದ ಭಿಕ್ಷುಗಳು ತನ್ನಲ್ಲಿ ಪಡೆಯಬಹುದೆಂದು ಭಕ್ತಿಯಿಂದ ಹೇಳಿದ. ಭಿಕ್ಷುಗಳು ಮೇರೆಯಿಲ್ಲದೆ ಕೇಳತೊಡಗಿದರು. ಸಣ್ಣದಿದ್ದವನಿಗೆ ದೊಡ್ಡದು ಬೇಕು, ದೊಡ್ಡದಿದ್ದವನಿಗೆ ಸಣ್ಣದು ಬೇಕು. ಕುಂಬಾರನಿಗೆ ಮಾರಾಟದ ಮಡಕೆ ಮಾಡಲು ಬಿಡುವಿಲ್ಲದಾಗಿ ಅವನ ಹೆಂಡಿರು ಮಕ್ಕಳು ಕಷ್ಟಕ್ಕೆ ಸಿಲುಕಿದರು. ಎಲ್ಲವನ್ನೂ ತೊರೆದವರ ಲೋಭ ದುಡಿಯುವವನೊಬ್ಬನ ಒಲೆಯನ್ನು ಆರಿಸಬಲ್ಲದೆಂಬುದನ್ನು ಗ್ರಂಥ ಮುಚ್ಚಿಡದೆ ದಾಖಲಿಸಿದೆ. ಐದಕ್ಕಿಂತ ಕಡಿಮೆ ತೇಪೆಗಳಿರುವ ಪಾತ್ರೆಯಿರುವಾಗ ಹೊಸದನ್ನು ಪಡೆಯಬಾರದೆಂಬ ನಿಯಮ ಹೀಗೆ ಬಂತು. ಮೀರಿದವನು ಹೊಸ ಪಾತ್ರೆಯನ್ನು ಸಭೆಯ ಮುಂದಿಡಬೇಕು. ಹಿರಿಯನು ಅದನ್ನು ತೆಗೆದುಕೊಂಡು ತನ್ನದನ್ನು ಮುಂದಿನವನಿಗೆ, ಅವನು ತನ್ನದನ್ನು ಮತ್ತೊಬ್ಬನಿಗೆ ದಾಟಿಸುತ್ತ ಕೊನೆಯಲ್ಲಿ ಉಳಿದ ಪಾತ್ರೆ ತಪ್ಪಿತಸ್ಥನ ಪಾಲಿಗೆ. ಒಡೆಯುವವರೆಗೂ ಅವನಿಗೆ ಅದೇ. ಕನಿಕರದಿಂದ ಯಾರೂ ಬದಲಾವಣೆಯನ್ನು ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಅದೂ ಒಂದು ದೋಷ.

ಚಿನ್ನ ಬೆಳ್ಳಿಯ ನಿಯಮಕ್ಕೆ ಬಂದರೆ ಗುದ್ದಲಿಯ ಕತೆ ಅನಿರೀಕ್ಷಿತವಾಗಿ ಮತ್ತೆ ಎದುರಾಗುತ್ತದೆ. ಭಿಕ್ಷು ನಾಣ್ಯ ಸ್ವೀಕರಿಸಿದ್ದರೆ ಅದನ್ನು ಸಂಘದ ಮುಂದೆ ಬಿಟ್ಟುಕೊಡಬೇಕು. ಗೃಹಸ್ಥನೊಬ್ಬ ಅಲ್ಲಿಗೆ ಬಂದರೆ ಅವನಿಗೆ ವಿಷಯ ತಿಳಿಸಬಹುದು. ಅವನು ಅದಕ್ಕೆ ಬದಲಾಗಿ ತುಪ್ಪವನ್ನೋ ಎಣ್ಣೆಯನ್ನೋ ಜೇನನ್ನೋ ತಂದರೆ ತಪ್ಪಿತಸ್ಥನನ್ನು ಬಿಟ್ಟು ಉಳಿದವರೆಲ್ಲ ಬಳಸಬಹುದು. ಅವನು ಒಪ್ಪದಿದ್ದರೆ ಅದನ್ನು ಎಸೆದುಬಿಡುವಂತೆ ಹೇಳಬೇಕು. ಅದಕ್ಕೂ ಒಪ್ಪದಿದ್ದರೆ ಸಂಘವು ‘ರೂಪಿಯಛಡ್ಡಕ’ನನ್ನು, ಎಂದರೆ ನಾಣ್ಯ ಎಸೆಯುವವನನ್ನು, ವಿಧಿವತ್ತಾಗಿ ನೇಮಿಸಬೇಕು. ಅವನಲ್ಲಿ ಐದು ಅರ್ಹತೆಗಳಿರಬೇಕು: ಒಲವು, ಹಗೆ, ಮಂಕು, ಅಂಜಿಕೆಗಳಿಗೆ ಒಳಗಾಗದವನು, ಎಸೆದದ್ದಾವುದು ಎಸೆಯದ್ದಾವುದು ಎಂಬುದನ್ನು ಬಲ್ಲವನು. ನಾಣ್ಯ ಬೀಳುವ ಜಾಗಕ್ಕೆ ಗುರುತಿಟ್ಟುಕೊಳ್ಳದೆ ಅವನು ಎಸೆಯಬೇಕು. ಗುರುತಿಟ್ಟುಕೊಂಡರೆ ದೋಷ ಅವನಿಗೇ ತಟ್ಟುತ್ತದೆ. ಐದನೆಯ ಶತಮಾನದಲ್ಲಿ ಸಿಂಹಳದಲ್ಲಿ ರಚಿತವಾದ, ಬುದ್ಧಘೋಷನದೆಂದು ಹೇಳಲಾಗುವ ಸಮಂತಪಾಸಾದಿಕಾ ವ್ಯಾಖ್ಯಾನ ಇದನ್ನು ಇನ್ನಷ್ಟು ಬಿಡಿಸುತ್ತದೆ. ಕಣ್ಣುಗಳನ್ನು ಮುಚ್ಚಿಕೊಂಡು, ನದಿಗೋ ಕಮರಿಗೋ ದಟ್ಟ ಕಾಡಿಗೋ, ಹೇಸಿಗೆಯನ್ನು ಎಸೆಯುವಂತೆ, ಬಿದ್ದೆಡೆಯ ಕಡೆಗೆ ಗಮನವಿಲ್ಲದೆ ಎಸೆಯಬೇಕೆಂದು ಅದರ ವಿವರಣೆ.

ಕಣ್ಣು ಮುಚ್ಚಿ ನದಿಗೆ ಎಸೆಯುವ ಈ ಕ್ರಿಯೆ ಕತೆಯಿಂದ ನಿಯಮಕ್ಕೆ ಬಂದಿತೋ, ನಿಯಮದಿಂದ ಕತೆಗೆ ಹೋಯಿತೋ ಎಂದು ವಾದಿಸುವುದು ಅಷ್ಟು ಫಲಕಾರಿಯಲ್ಲ. ಜಾತಕದ ಪದ್ಯಭಾಗ ಹಳೆಯದು. ಇಂದು ಓದುವ ಗದ್ಯಕಥನವು ವ್ಯಾಖ್ಯಾನ ಪರಂಪರೆಯಲ್ಲಿ ರೂಪುಗೊಂಡದ್ದು. ಎರಡೂ ಒಂದೇ ವಿಹಾರಗಳ ಆವರಣದಲ್ಲಿ ಬೆಳೆದಿವೆ. ಕತೆಗಾರನಿಗೂ ನಿಯಮಕಾರನಿಗೂ ಒಂದೇ ಅನುಭವವಿತ್ತೆಂಬುದು ಮುಖ್ಯ. ಬಿಡುವ ಕ್ಷಣದಲ್ಲಿಯೇ ಮರಳಿ ಪಡೆಯುವ ದಾರಿಯೊಂದನ್ನು ಮನಸ್ಸು ಗುರುತು ಹಾಕಿಕೊಳ್ಳುತ್ತದೆ. ಕುದ್ದಾಲ ಪಂಡಿತನು ಮೊದಲ ಸಲ ಗುದ್ದಲಿಯನ್ನು ಬಚ್ಚಿಟ್ಟದ್ದು ಅಂಥ ಗುರುತೇ ಆಗಿತ್ತು.

ಈ ನಿಯಮಗಳು ಸಂಘವನ್ನು ಎಷ್ಟು ಕಾಲ ಕಾಪಾಡಿದವು? ಪರಿನಿರ್ವಾಣವಾಗಿ ನೂರು ವರ್ಷಗಳ ತರುವಾಯ ವೈಶಾಲಿಯಲ್ಲಿ ನಡೆದ ವಿವಾದವನ್ನು ಚುಲ್ಲವಗ್ಗ ವಿವರವಾಗಿ ನಿರೂಪಿಸಿದೆ. ಕಾಕಂಡಕಪುತ್ರ ಯಶನೆಂಬ ಭಿಕ್ಷು ಆ ನಗರಕ್ಕೆ ಬಂದಾಗ, ಉಪೋಸಥದ ದಿನ ಅಲ್ಲಿನ ವಜ್ಜಿ ಭಿಕ್ಷುಗಳು ಕಂಚಿನ ಪಾತ್ರೆಯಲ್ಲಿ ನೀರು ತುಂಬಿ ಸಭೆಯ ನಡುವೆ ಇಟ್ಟಿದ್ದರು. ಸಂಘಕ್ಕೆ ಕಹಾಪಣವನ್ನೋ ಅರ್ಧವನ್ನೋ ಕಾಲನ್ನೋ ಮಾಸವನ್ನೋ ಕೊಡಿರೆಂದು ಉಪಾಸಕರನ್ನು ಕೇಳುತ್ತಿದ್ದರು. ಕೊಡಬೇಡಿರೆಂದು ಯಶ ಬಹಿರಂಗವಾಗಿ ಹೇಳಿದ. ಆದರೂ ಜನ ಕೊಟ್ಟರು. ಭಿಕ್ಷುಗಳು ತಲೆಯೆಣಿಸಿ ಹಂಚಿಕೊಂಡು ಯಶನ ಮುಂದೆ ಅವನ ಪಾಲನ್ನೂ ಇಟ್ಟರು. ಅವನು ಮುಟ್ಟಲಿಲ್ಲ. ಉಪಾಸಕರ ಮನ ನೋಯಿಸಿದನೆಂಬ ಆರೋಪ ಹೊರಿಸಿ, ಅವರಲ್ಲಿ ಕ್ಷಮೆ ಕೇಳಬೇಕೆಂದು ಅವನಿಗೇ ದಂಡ ವಿಧಿಸಲಾಯಿತು. ಯಶ ಹೋದನು, ಆದರೆ ಕ್ಷಮೆಯ ಬದಲು ನಿಯಮವನ್ನೇ ವಿವರಿಸಿದ. ಜನ ಅವನ ಕಡೆಗೆ ತಿರುಗಿದರು.

ಮುಂದೆ ಏಳುನೂರು ಭಿಕ್ಷುಗಳು ಸೇರಿದ ಆ ಸಭೆಯಲ್ಲಿ, ಪೂರ್ವ ಪಶ್ಚಿಮಗಳ ನಾಲ್ವರು ನಾಲ್ವರ ಸಮಿತಿಯ ಮುಂದೆ ವಜ್ಜಿ ಭಿಕ್ಷುಗಳ ಹತ್ತು ಆಚರಣೆಗಳು ವಿಚಾರಣೆಗೆ ಬಂದವು. ಪಟ್ಟಿಯಲ್ಲಿ ಹತ್ತನೆಯದು ಚಿನ್ನ ಬೆಳ್ಳಿ. ಮೊದಲನೆಯದು ‘ಸಿಂಗಿಲೋಣ’: ಉಪ್ಪಿಲ್ಲದ ಊಟ ಸಿಕ್ಕ ದಿನಕ್ಕೆ ಒದಗಲೆಂದು ಕೊಂಬಿನಲ್ಲಿ ಒಂದಿಷ್ಟು ಉಪ್ಪು ತುಂಬಿ ಇಟ್ಟುಕೊಳ್ಳುವುದು. ಒಂದು ಚಿಟಿಕೆ ಉಪ್ಪನ್ನು ವಿಚಾರಿಸಲು ಏಳುನೂರು ಮಂದಿ ಹಿರಿಯರು ಕೂಡಬೇಕಾಯಿತೆ ಎಂದು ಆಧುನಿಕ ಓದುಗ ನಗಬಹುದು. ಕೆಲವು ವಿದ್ವಾಂಸರೂ ಈ ಪಟ್ಟಿಯ ಬಹುಭಾಗವನ್ನು ಕ್ಷುಲ್ಲಕವೆಂದು ತಳ್ಳಿಹಾಕಿ ನಾಣ್ಯವೊಂದನ್ನೇ ನಿಜವಾದ ಕಾರಣವೆಂದು ಎಣಿಸಿದ್ದುಂಟು. ಗುದ್ದಲಿಯ ಕತೆಯನ್ನು ಬಲ್ಲವರಿಗೆ ಈ ಅನುಕ್ರಮ ಕ್ಷುಲ್ಲಕವಾಗಿ ಕಾಣದು. ಭಿಕ್ಷೆಯ ಅನ್ನಕ್ಕೆ ಉಪ್ಪಿದೆಯೋ ಇಲ್ಲವೋ ಎಂಬುದು ನೀಡುವವರಿಗೆ ಬಿಟ್ಟದ್ದು. ‘ಉಪ್ಪಿನ ಋಣ’ ಎಂಬ ಮಾತನ್ನು ಬಲ್ಲ ಕನ್ನಡಿಗರಿಗೆ ಇದು ತಿಳಿಯಲಾರದ ಸಂಗತಿಯಲ್ಲ. ಉಪ್ಪನ್ನು ತಾನೇ ಇಟ್ಟುಕೊಂಡವನು ಆ ಋಣದಿಂದ ಅಷ್ಟರಮಟ್ಟಿಗೆ ಹೊರಬಂದ, ನಾಳೆಯ ಊಟದ ಯೋಚನೆಗೆ ಅಷ್ಟರಮಟ್ಟಿಗೆ ಒಳಗಾದ. ಕೊಂಬಿನ ಉಪ್ಪಿಗೂ ಕಂಚಿನ ಪಾತ್ರೆಯ ನಾಣ್ಯಕ್ಕೂ ಇರುವುದು ಪ್ರಮಾಣದ ಭೇದ ಮಾತ್ರ. ಸಭೆ ಹತ್ತನ್ನೂ ಅಸಮ್ಮತವೆಂದು ತೀರ್ಮಾನಿಸಿತು.

ತೀರ್ಮಾನ ಗ್ರಂಥದಲ್ಲಿ ಉಳಿಯಿತು. ನೆಲದ ಮೇಲಿನ ಸಂಗತಿ ಬೇರೆ ದಾರಿ ಹಿಡಿಯಿತೆಂಬುದಕ್ಕೆ ಶಾಸನಗಳೇ ಸಾಕ್ಷಿ. ಸಾಂಚಿಯಂಥ ಕೇಂದ್ರಗಳಲ್ಲಿ ದಾನಿಗಳ ಪೈಕಿ ಭಿಕ್ಷು ಭಿಕ್ಷುಣಿಯರ ಹೆಸರುಗಳೂ ಬಹಳವಾಗಿವೆ. ಕೊಡಲು ಅವರ ಬಳಿ ಏನಾದರೂ ಇದ್ದಿರಲೇಬೇಕೆಂದು ಗ್ರೆಗರಿ ಶೋಪೆನ್ ಮೊದಲಾದವರು ಎತ್ತಿದ ಪ್ರಶ್ನೆ ಸರಿಯಾದುದೇ. ಕ್ಷಹರಾತ ನಹಪಾನನ ಅಳಿಯ ಉಷವದಾತನ ನಾಸಿಕದ ಗುಹಾಶಾಸನ ಈ ವಿಷಯದಲ್ಲಿ ಲೆಕ್ಕಪತ್ರದಷ್ಟು ಸ್ಪಷ್ಟವಾಗ��ದೆ. ಅವನು 3000 ಕಹಾಪಣಗಳನ್ನು ಅಕ್ಷಯನಿಧಿಯಾಗಿ ಗೋವರ್ಧನದ ನೇಕಾರ ಶ್ರೇಣಿಗಳಲ್ಲಿ ತೊಡಗಿಸಿದ. ಅದರಲ್ಲಿ 2000ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಗುಹೆಯಲ್ಲಿ ಮಳೆಗಾಲ ಕಳೆಯುವ ಇಪ್ಪತ್ತು ಭಿಕ್ಷುಗಳಲ್ಲಿ ಒಬ್ಬೊಬ್ಬರಿಗೆ ಚೀವರಕ್ಕಾಗಿ ಹನ್ನೆರಡು ಕಹಾಪಣ. ವರ್ಷದ ಬಡ್ಡಿ 240, ಹಂಚಿಕೆ 240. ಮೂಲಧನವನ್ನು ಹಿಂದಿರುಗಿಸುವಂತಿಲ್ಲ, ಬಡ್ಡಿಯನ್ನು ಮಾತ್ರ ಉಣ್ಣಬೇಕು. ಭಿಕ್ಷು ನಾಣ್ಯ ಮುಟ್ಟದಿರಬಹುದು, ಆದರೆ ಅವನ ಚೀವರ ಬಡ್ಡಿಯಿಂದ ಬರುತ್ತಿತ್ತು.

ಇದನ್ನು ಪತನವೆಂದು ಬೇಗ ಕರೆದುಬಿಡುವುದು ಸುಲಭ. ಆದರೆ ಯಾರ ಬಳಿಯೂ ಏನೂ ಇರಕೂಡದೆಂಬ ವ್ರತವನ್ನು ಶತಮಾನಗಳ ಕಾಲ ನಡೆಸಲು ಕಟ್ಟಡ, ಊಟ, ಬಟ್ಟೆ ಬೇಕು. ಅದನ್ನೆಲ್ಲ ಯಾರಾದರೂ ಇಟ್ಟುಕೊಂಡಿರಲೇಬೇಕು. ವ್ಯಕ್ತಿ ಬಿಟ್ಟದ್ದು ಸಂಸ್ಥೆಯಲ್ಲಿ ಸೇರಿಕೊಳ್ಳುತ್ತದೆ. ಈ ಇಕ್ಕಟ್ಟು ಬೌದ್ಧ ಸಂಘವೊಂದರದೇ ಅಲ್ಲ, ಕನ್ನಡ ನಾಡಿನ ಮಠಮಾನ್ಯಗಳ ಚರಿತ್ರೆಯನ್ನು ಬಲ್ಲವರಿಗೆ ಪರಿಚಿತವಾದುದೇ.

ಸಿಂಹಳದ ವಂಶಕಥೆಗಳ ಪ್ರಕಾರ ಅಶೋಕನ ಕಾಲದ ಸಂಗೀತಿಯ ನಂತರ ಮಹಾದೇವನೆಂಬ ಥೇರನು ಮಹಿಷಮಂಡಲಕ್ಕೂ ರಕ್ಖಿತನು ವನವಾಸಿಗೂ ಧರ್ಮಪ್ರಸಾರಕ್ಕಾಗಿ ಬಂದರು. ವನವಾಸಿಯು ಬನವಾಸಿಯೆಂಬುದನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಹಾಗೆ ಬಂದ ಧರ್ಮವು ಈ ನೆಲದಲ್ಲಿ ಉಳಿಸಿದ ಗುರುತುಗಳು ಬಹುಮಟ್ಟಿಗೆ ದಾನದ ಗುರುತುಗಳೇ. ಬಳ್ಳಿಗಾವೆಯಲ್ಲಿ 11ನೆಯ ಶತಮಾನದಲ್ಲಿ ಬೌದ್ಧವಿಹಾರಕ್ಕೆ ದತ್ತಿ ದೊರೆತುದನ್ನು ಶಾಸನ ಹೇಳುತ್ತದೆ. 1095ರ ಡಂಬಳದ ಶಾಸನ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರವನ್ನೂ ತಾರಾದೇವಿಯ ಆರಾಧನೆಯನ್ನೂ ದಾಖಲಿಸಿದೆ. ವ್ಯಾಪಾರದಲ್ಲಿ ಗಳಿಸಿದ್ದನ್ನು ಅವರು ಬಿಟ್ಟುಕೊಟ್ಟದ್ದು ಸುಳ್ಳಲ್ಲ. ಕನ್ನಡ ನಾಡಿನ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಭಾಗವನ್ನು ಇಲ್ಲಿ ನೆನೆಯಬಹುದು. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುವನೆಂಬ ಆ ಶಾಪ ಎಲ್ಲ ಧರ್ಮಗಳ ಶಾಸನಗಳಿಗೂ ಸಮಾನವಾದುದು. ಚೀವರದಲ್ಲಿ ಹೇನಾದ ತಿಸ್ಸ ಮತ್ತು ಈ ಹುಳು ಒಂದೇ ಕಲ್ಪನೆಯ ಎರಡು ಕವಲುಗಳು. ಆದರೆ ಚೀವರದ ಕತೆಯಲ್ಲಿ ಹೆದರಿಕೆ ಇರುವುದು ಹಿಡಿದುಕೊಂಡವನಿಗೆ, ಶಾಸನದಲ್ಲಿ ಇರುವುದು ಕಿತ್ತುಕೊಳ್ಳುವವನಿಗೆ. ದಾನಿಯ ಕೊಡುಗೆ ಅವನ ಹೆಸರಿನಲ್ಲಿಯೇ ಸೂರ್ಯಚಂದ್ರರಿರುವವರೆಗೆ ಉಳಿಯಬೇಕು.

ಭೀಮಾನದಿಯ ದಡದಲ್ಲಿ, ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ಹೊರಬಂದ ಮಹಾಚೈತ್ಯದ ಶಿಲ್ಪಗಳು ಈ ದೃಷ್ಟಿಯಿಂದ ಅಮೂಲ್ಯವಾದವು. ‘ರಾಯೋ ಅಸೋಕೋ’ ಎಂಬ ಬರಹವುಳ್ಳ ಅಶೋಕನ ಶಿಲ್ಪದಿಂದಾಗಿ ಈ ಸ್ಥಳ ಪ್ರಸಿದ್ಧವಾಗಿದೆ. ಅಲ್ಲಿಯೇ ಸಾತವಾಹನ ಅರಸರ ಉಬ್ಬುಶಿಲ್ಪಗಳೂ ಅವುಗಳ ಮೇಲೆ ಪ್ರಾಕೃತ ಬರಹಗಳೂ ಇವೆ. ಒಂದು ಬರಹ ಪುಳುಮಾವಿ ರಾಜನು ಅಜಯತನಿಗೆ ಉಜ್ಜಯಿನಿಯನ್ನು ಕೊಡುತ್ತಾನೆಂದು ಹೇಳುತ್ತದೆ. ಒಂದು ನಗರವನ್ನೇ ಕೈದಾಟಿಸುವ ಈ ಪ್ರಸಂಗದ ಅರ್ಥ ಚರ್ಚೆಯಲ್ಲಿದೆ. ಇನ್ನೊಂದು ಬರಹದ ಅರ್ಥದಲ್ಲಿ ಅಂಥ ತೊಡಕಿಲ್ಲ: ಸಾತಕಣಿ ರಾಜನು ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಾನೆ. ಆ ಬೆಳ್ಳಿಯ ಹೂಗಳು ಇಂದು ಇಲ್ಲ. ಕೊಟ್ಟವನು ಯಾರು, ಕೊಟ್ಟದ್ದು ಏನು, ಕೊಟ್ಟದ್ದು ಎಲ್ಲಿ ಎಂಬ ಮೂರು ಗುರುತುಗಳು ಮಾತ್ರ ಸುಣ್ಣಕಲ್ಲಿನ ಮೇಲೆ ಇನ್ನೂ ಓದಲು ಬರುವಂತಿವೆ.